ಬೇಡ ಅಂದಾಗ ಕೈ ಹಿಂದೆ ತೆಗೆಯಿರಿ

ಈ ಸಲ ಬಂದ ಪತ್ರಗಳಲ್ಲಿ ಒಂದೇ ಅಳಲು ಮತ್ತೆ ಮತ್ತೆ ಸಿಕ್ಕಿತು. ಆಸೆಪಟ್ಟು ಹಕ್ಕಿ ತಂದಿದ್ದೇವೆ, ಅದು ನಮ್ಮನ್ನು ಕಂಡರೆ ಹೆದರುತ್ತದೆ, ಏನು ಮಾಡೋದು? ಹಾಗಾಗಿ ಆಹಾರ, ಮರಿ, ಗೂಡಿನ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದನ್ನೇ ತೆಗೆದುಕೊಂಡಿದ್ದೇನೆ. ಮೊದಲ ಉತ್ತರ ಉದ್ದ ಆಗಿದೆ. ಉಳಿದವರೂ ಅದನ್ನು ಓದಿಕೊಂಡೇ ಮುಂದೆ ಹೋಗಿ, ಅಲ್ಲಿ ಹೇಳಿದ್ದನ್ನು ಆಮೇಲೆ ಮತ್ತೆ ಹೇಳಿಲ್ಲ.

ಪ್ರಶ್ನೆ: ಮೇಡಂ, ಮೂರು ವಾರದ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಒಂದು ಲವ್ ಬರ್ಡ್ ತಂದೆವು. ಹಸಿರು ಮೈ, ಹಳದಿ ಮುಖ, ಉದ್ದ ಬಾಲ. ಕಾಳು ಹಾಕಲು ಕೈ ಒಳಗೆ ಹೋದರೆ ಸಾಕು, ಪಂಜರದ ತುಂಬಾ ಬಡಿದುಕೊಂಡು ಹಾರಾಡುತ್ತದೆ. ಪುಕ್ಕ ಉದುರಿ ಬೀಳುತ್ತದೆ. ಅಂಗಡಿಯವರು, ದಿನಾ ಅರ್ಧ ಗಂಟೆ ಕೈಯಲ್ಲಿ ಹಿಡಿದುಕೊಳ್ಳಿ, ತಾನಾಗೇ ಪಳಗುತ್ತೆ ಅಂದರು. ಒಂದು ವಾರ ಹಾಗೇ ಮಾಡಿದೆವು. ಹಿಡಿದಾಗ ಸುಮ್ಮನಿರುತ್ತದೆ, ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಹೆದರುತ್ತದೆ. ಮಗಳಿಗೆ ಬೇಜಾರಾಗಿ ಅಳುತ್ತಾಳೆ. (ದಾವಣಗೆರೆಯಿಂದ ಒಬ್ಬ ತಾಯಿ)

ಉತ್ತರ: ಮೊದಲು ಆ ಹಿಡಿದುಕೊಳ್ಳುವುದನ್ನು ಇವತ್ತೇ ನಿಲ್ಲಿಸಿಬಿಡಿ.

ಕೈಯೊಳಗೆ ಸುಮ್ಮನಿರುತ್ತದೆ ಅಂದಿರಲ್ಲ, ಅದು ಪಳಗಿದ ಗುರುತಲ್ಲ. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ ಅಂತ ಗೊತ್ತಾದಾಗ ಹಕ್ಕಿ ಕೈಚೆಲ್ಲಿಬಿಡುತ್ತದೆ, ಅಷ್ಟೇ. ಇನ್ನೊಂದು ಅಪಾಯವೂ ಇದೆ. ನಮಗೆ ಎದೆಗೂ ಹೊಟ್ಟೆಗೂ ನಡುವೆ ವಪೆ ಇದೆ, ಅದು ಮೇಲೆ ಕೆಳಗೆ ಆಡುವುದರಿಂದ ಉಸಿರಾಡುತ್ತೇವೆ. ಹಕ್ಕಿಗೆ ನಮ್ಮಂಥ ವಪೆ ಇಲ್ಲ. ಎದೆಮೂಳೆ ಹಿಂದೆ ಮುಂದೆ ಆಡಿದರೇನೇ ಅದಕ್ಕೆ ಗಾಳಿ. ಮಗು ಎಷ್ಟೇ ಪ್ರೀತಿಯಿಂದ ಹಿಡಿದರೂ ಎದೆಯ ಸುತ್ತ ಬೆರಳು ಬಿಗಿಯಾದರೆ ಅದರ ಉಸಿರು ಕಟ್ಟುತ್ತದೆ.

ನಿಮ್ಮದು ಬಡ್ಜಿ. ನಮ್ಮ ಅಂಗಡಿಗಳಲ್ಲಿ ಇದನ್ನೇ ಲವ್ ಬರ್ಡ್ ಅಂತ ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾ ಕಡೆಯದ್ದು, ಅದರ ಬಾಲ ಮೋಟು. ಬಡ್ಜಿ ಆಸ್ಟ್ರೇಲಿಯಾದ ಒಣ ಬಯಲಿನ ಹಕ್ಕಿ. ಅಲ್ಲಿ ಮಳೆ ನೀರು ಎಲ್ಲಿ ಸಿಗುತ್ತದೋ ಅಲ್ಲಿಗೆ ಹಿಂಡು ಹಿಂಡಾಗಿ, ಕೆಲವೊಮ್ಮೆ ಸಾವಿರಗಟ್ಟಲೆ ಒಟ್ಟಿಗೆ ಹಾರುತ್ತವೆ. ಒಂದೊಂದರ ತೂಕ 30ರಿಂದ 40 ಗ್ರಾಂ. ಇಷ್ಟು ಪುಟ್ಟ ಜೀವಕ್ಕೆ ಮೇಲಿನಿಂದ ಬರುವುದೆಲ್ಲ ಗಿಡುಗನೇ. ಕಣ್ಣುಗಳು ತಲೆಯ ಎರಡೂ ಪಕ್ಕಕ್ಕೆ ಇರುವುದರಿಂದ ಹಿಂದೆ, ಮುಂದೆ, ಮೇಲೆ ಏನು ಅಲುಗಿದರೂ ಅದಕ್ಕೆ ಕಾಣುತ್ತದೆ. ಈಗ ಅದರ ಮೈಗಿಂತ ದೊಡ್ಡದಾದ, ಐದು ಬೆರಳಿನ ಒಂದು ವಸ್ತು ಬಾಗಿಲಿನಿಂದ ನುಗ್ಗಿ ತಲೆಯ ಮೇಲೆ ಬಂದರೆ ಅದಕ್ಕೆ ಹೇಗಾಗಬೇಡ? ಅದು ನಿಮ್ಮ ಮಗಳನ್ನು ದ್ವೇಷಿಸುತ್ತಿಲ್ಲ, ಪ್ರಾಣ ಉಳಿಸಿಕೊಳ್ಳುತ್ತಿದೆ. ಇದನ್ನು ಮಗಳಿಗೆ ಹೇಳಿ, ಅವಳ ಅಳು ಅರ್ಧ ಕಡಿಮೆ ಆಗುತ್ತದೆ.

ಪಂಜರ ಎಲ್ಲಿದೆ ನೋಡಿ. ಮನೆಯವರು ಓಡಾಡುವ ಹಾದಿಯಲ್ಲಿ, ಫ್ಯಾನ್ ಕೆಳಗೆ, ನಾಲ್ಕೂ ಕಡೆ ಬಯಲಾಗಿ ಇದ್ದರೆ ಹಕ್ಕಿಗೆ ಬೆನ್ನು ಕೊಡಲು ಜಾಗವೇ ಇರುವುದಿಲ್ಲ. ಒಂದು ಪಕ್ಕ ಗೋಡೆಗೆ ತಾಗಿರಲಿ, ಎತ್ತರ ನೀವು ನಿಂತಾಗ ನಿಮ್ಮ ಎದೆಯ ಮಟ್ಟಕ್ಕೆ ಬರಲಿ, ಕಾಗೆ ಬೆಕ್ಕು ಬಂದು ಇಣುಕುವ ಕಿಟಕಿಯಿಂದ ದೂರ ಇರಲಿ. ಅಡುಗೆಮನೆ ಮಾತ್ರ ಬೇಡವೇ ಬೇಡ. ನಾನ್‌ಸ್ಟಿಕ್ ತವಾ ವಿಪರೀತ ಕಾದರೆ ಬರುವ ಹೊಗೆ ನಮಗೆ ಗೊತ್ತೂ ಆಗುವುದಿಲ್ಲ, ಹಕ್ಕಿಯನ್ನು ಮಾತ್ರ ಕೊಂದುಬಿಡುತ್ತದೆ. ಊದುಬತ್ತಿ, ಸೊಳ್ಳೆಬತ್ತಿ ಹೊಗೆಯೂ ಅದಕ್ಕೆ ಆಗಿಬರುವುದಿಲ್ಲ.

ಆಮೇಲೆ ಎರಡು ವಾರ ಹಕ್ಕಿಯಿಂದ ಏನನ್ನೂ ಕೇಳಬೇಡಿ. ಕಾಳು, ನೀರು ಬದಲಾಯಿಸಲು ಹೋಗುವಾಗ ದೂರದಿಂದಲೇ ಮಾತಾಡಿಕೊಂಡು ಹೋಗಿ, ದಿನಾ ಅದೇ ಮಾತು, ಅದೇ ದನಿ. ಬಟ್ಟಲು ತೆಗೆಯುವಾಗ ಕೈ ಕೆಳಗಿನಿಂದ, ಪಕ್ಕದಿಂದ ಹೋಗಲಿ. ಉಳಿದ ಹೊತ್ತು ಪಂಜರದಿಂದ ಸ್ವಲ್ಪ ದೂರ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿರಿ. ಮಗಳು ಶಾಲೆಯ ಪಾಠ ಜೋರಾಗಿ ಓದಲಿ. ಹಕ್ಕಿಯನ್ನು ದಿಟ್ಟಿಸಿ ನೋಡಬಾರದು, ಎರಡೂ ಕಣ್ಣು ನೆಟ್ಟು ನೋಡುವುದು ಬೇಟೆಯಾಡುವ ಪ್ರಾಣಿ.

ಎಷ್ಟು ದೂರ ಕೂರಬೇಕು ಅಂತ ಹಕ್ಕಿಯೇ ಹೇಳುತ್ತದೆ. ಹೆದರಿದಾಗ ಪುಕ್ಕವೆಲ್ಲ ಮೈಗೆ ಅಂಟಿಕೊಂಡು ಕಡ್ಡಿ ಹಾಗೆ ತೆಳ್ಳಗಾಗುತ್ತದೆ, ಕತ್ತು ಉದ್ದ ಆಗುತ್ತದೆ, ಕೋಲಿನ ಮೇಲೆ ಅಡ್ಡಡ್ಡ ಸರಿದು ದೂರದ ಮೂಲೆಗೆ ಹೋಗುತ್ತದೆ. ಅದು 'ಬೇಡ' ಅನ್ನುವ ಮಾತು. ಅದು ಕಂಡ ಕೂಡಲೇ ಒಂದು ಹೆಜ್ಜೆ ಹಿಂದೆ ಹೋಗಿ. ನೆಮ್ಮದಿಯಾಗಿದ್ದರೆ ಮೈ ಸಡಿಲ ಇರುತ್ತದೆ. ನಿಮ್ಮ ಎದುರೇ ಪುಕ್ಕ ಒಂದೊಂದಾಗಿ ಕೊಕ್ಕಿನಲ್ಲಿ ನೇವರಿಸಿಕೊಳ್ಳುತ್ತದೆ, ಒಂದು ಕಾಲು ಎತ್ತಿ ಹೊಟ್ಟೆಯೊಳಗೆ ಸಿಗಿಸಿಕೊಳ್ಳುತ್ತದೆ. ನಿದ್ದೆ ಬರುವ ಹೊತ್ತಿಗೆ ಕೊಕ್ಕು ಕರಕರ ಮಸೆಯುತ್ತದೆ. ಈ ಸದ್ದು ಕೇಳಿದ ದಿನ ಮಗಳಿಗೆ ಸಿಹಿ ಮಾಡಿಕೊಡಿ, ಅಷ್ಟು ದೊಡ್ಡ ವಿಷಯ ಅದು.

ಹಿಂದೆ ಸರಿದರೆ ಹಕ್ಕಿಗೆ ಸಲಿಗೆ ಕೊಟ್ಟಂತಾಗುತ್ತೆ, ನಾವು ಸೋತಂತಾಗುತ್ತೆ ಅಂತ ತುಂಬಾ ಜನ ನನಗೆ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಕತ್ತು ಉದ್ದ ಮಾಡಿದ್ದಕ್ಕೇ ಆ ಕೈ ಹೋಯಿತು ಅಂತ ಗೊತ್ತಾದರೆ ಹಕ್ಕಿಗೆ ಮುಂದೆ ಬಡಿದುಕೊಳ್ಳುವ, ಕಚ್ಚುವ ಅಗತ್ಯವೇ ಇರುವುದಿಲ್ಲ. ಸಣ್ಣ ದನಿಯಲ್ಲಿ ಹೇಳಿದ್ದನ್ನು ಯಾರೂ ಕೇಳದಿದ್ದಾಗಲೇ ಅದು ದೊಡ್ಡ ದನಿ ಎತ್ತುವುದು. ನಾನು ಕಂಡ ಕಚ್ಚುವ ಹಕ್ಕಿಗಳೆಲ್ಲ, ಯಾರೋ ಮೊದಲು ಅದರ 'ಬೇಡ'ವನ್ನು ಕೇಳಿಸಿಕೊಳ್ಳದೇ ಹೋದ ಹಕ್ಕಿಗಳೇ.

ಈಗ ತಿನ್ನುವ ವಿಷಯ. ಬಡ್ಜಿಗೆ ನವಣೆ ತೆನೆ ಅಂದರೆ ಪ್ರಾಣ. ಪೇಟೆಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುವುದಕ್ಕೆ ದುಡ್ಡು ಜಾಸ್ತಿ. ನಿಮ್ಮ ಕಡೆ, ಚಿತ್ರದುರ್ಗ, ಬಳ್ಳಾರಿ ಕಡೆ ನವಣೆ ಬೆಳೆಯುವವರು ಇದ್ದಾರಲ್ಲ, ಔಷಧಿ ಹೊಡೆಯದವರ ಹತ್ತಿರ ಬಿಡಿಸದ ತೆನೆ ಕೇಳಿ ತಂದು ಒಣಗಿಸಿ ಇಟ್ಟುಕೊಳ್ಳಿ. ಇದನ್ನು ಬಟ್ಟಲಿಗೆ ಹಾಕಬೇಡಿ, ನಿಮ್ಮ ಕೈಯಿಂದ ಮಾತ್ರ ಸಿಗಲಿ. ಹಾಗಂತ ಹಸಿವಿಗೆ ಕೆಡವಬೇಡಿ, ಇಷ್ಟು ಸಣ್ಣ ಹಕ್ಕಿ ಉಪವಾಸ ತಡೆಯುವುದಿಲ್ಲ. ಮಾಮೂಲಿ ಕಾಳು ಯಾವಾಗಲೂ ಇರಲಿ. ಮೊದಲು ಉದ್ದನೆಯ ತೆನೆಯ ತುದಿಯನ್ನು ಸರಳಿನ ಹೊರಗಿನಿಂದ ಹಿಡಿದುಕೊಳ್ಳಿ. ಒಂದೆರಡು ನಿಮಿಷ, ಸಾಕು. ತಿನ್ನದಿದ್ದರೆ ಅಲ್ಲೇ ಸಿಗಿಸಿಟ್ಟು ಎದ್ದು ಹೋಗಿ. ದಿನಕ್ಕೆ ಎರಡು ಮೂರು ಸಲ ಹೀಗೆ. ತಿನ್ನಲು ಶುರು ಮಾಡಿದ ಮೇಲೆ ತೆನೆ ದಿನದಿನಕ್ಕೆ ಗಿಡ್ಡ ಮಾಡುತ್ತಾ ಬನ್ನಿ. ಆಮೇಲೆ ಬಾಗಿಲು ತೆರೆದು ಅದೇ ಕೈ ಒಳಗೆ, ಹಕ್ಕಿಯ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ.

ನನ್ನ ಹತ್ತಿರ ಮೊದಲು ಇದ್ದದ್ದು ಒಂದು ನೀಲಿ ಬಡ್ಜಿ. ಅದು ನನ್ನ ಕೈಯಿಂದ ಮೊದಲ ಕಾಳು ತೆಗೆದುಕೊಂಡದ್ದು 26ನೇ ದಿನ. ಎರಡು ಹೆಜ್ಜೆ ಬಂತು, ಒಂದು ಹೆಜ್ಜೆ ಹಿಂದೆ ಹೋಯಿತು. ತಲೆ ಓರೆ ಮಾಡಿ ಒಂದೇ ಕಣ್ಣಿನಲ್ಲಿ ನನ್ನ ಹೆಬ್ಬೆರಳನ್ನೇ ನೋಡುತ್ತಾ ಎಷ್ಟೋ ಹೊತ್ತು ನಿಂತಿತು. ನನ್ನ ತೋಳು ನೋಯಲು ಶುರುವಾಗಿತ್ತು. ಆಮೇಲೆ ಮೈಯೆಲ್ಲ ಹಿಂದಕ್ಕೇ ಇಟ್ಟುಕೊಂಡು ಕತ್ತು ಮಾತ್ರ ಚಾಚಿ ಒಂದು ಕಾಳು ಕಿತ್ತುಕೊಂಡಿತು. ತೆನೆಯ ದಂಟಿನ ಮೂಲಕ ನನ್ನ ಬೆರಳಿಗೆ ಆ ಸಣ್ಣ ಜಗ್ಗು ತಾಗಿತಲ್ಲ, ಅದು ಇವತ್ತಿಗೂ ನೆನಪಿದೆ.

ಬೆರಳಿನ ಮೇಲೆ ಹತ್ತಿಸಿಕೊಳ್ಳುವುದು ಇದೆಲ್ಲ ಆದಮೇಲೆ. ತೆನೆ ಸ್ವಲ್ಪ ಹಿಂದೆ ಹಿಡಿದರೆ, ತಿನ್ನಬೇಕಾದರೆ ಬೆರಳಿನ ಮೇಲೆ ಕಾಲಿಡಲೇಬೇಕು, ತಾನಾಗಿಯೇ ಇಡುತ್ತದೆ. ಇಡುವ ಮೊದಲು ಕೊಕ್ಕಿನಿಂದ ಬೆರಳು ಒತ್ತಿ ನೋಡುತ್ತದೆ, ಕೊಂಬೆ ಗಟ್ಟಿ ಇದೆಯಾ ಅಂತ ನಾವು ಕೈಯಿಂದ ಅಲುಗಿಸಿ ನೋಡುತ್ತೇವಲ್ಲ ಹಾಗೆ. ಅದು ಕಚ್ಚುವುದಲ್ಲ. ಗಾಬರಿಯಿಂದ ಬೆರಳು ಎಳೆದುಕೊಂಡರೆ ಈ ಕೊಂಬೆ ನಂಬುವಂಥದ್ದಲ್ಲ ಅಂದುಕೊಳ್ಳುತ್ತದೆ, ಮತ್ತೆ ಹಿಂದಿನಿಂದ ಶುರು ಮಾಡಬೇಕಾಗುತ್ತದೆ. ಎರಡು ಬೆರಳು ಮುಂದೆ, ಎರಡು ಹಿಂದೆ ಇರುವ ಆ ಪುಟ್ಟ ಪಾದ ನಿಮ್ಮ ಬೆರಳು ಸುತ್ತಿ ಹಿಡಿದಾಗ ಅಲುಗಾಡದೆ ಇರಿ, ಖುಷಿಗೆ ಕೂಗಬೇಡಿ ಅಂತ ಮಗಳಿಗೆ ಮೊದಲೇ ಹೇಳಿಟ್ಟಿರಿ.

ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳುತ್ತೀರಿ. ಮರಿಯಾದರೆ ಬೇಗ, ಬೆಳೆದದ್ದಾದರೆ ತಿಂಗಳುಗಳೂ ಆಗಬಹುದು. ಹಣೆಯ ಮೇಲಿನ ಗೆರೆಗಳು ಮೂಗಿನವರೆಗೂ ಬಂದಿದ್ದರೆ ಇನ್ನೂ ಮರಿ. ನೀವು ಒಂದು ವಾರ ಹಿಡಿದಿದ್ದೀರಿ, ಅದನ್ನು ಮರೆಸಲು ಸ್ವಲ್ಪ ಸಮಯ ಜಾಸ್ತಿಯೇ ಬೇಕು. ಆದರೆ ಮರೆಯುತ್ತದೆ, ಧೈರ್ಯವಾಗಿರಿ.

ಪ್ರಶ್ನೆ: ಮೇಡಂ, ನಾನು ಒಂಬತ್ತನೇ ಕ್ಲಾಸ್. ರೆಕ್ಕೆ ಕತ್ತರಿಸಿದರೆ ಹಕ್ಕಿ ಬೇಗ ಮಾತು ಕೇಳುತ್ತೆ ಅಂತ ನನ್ನ ಫ್ರೆಂಡ್ ಹೇಳ್ತಾನೆ. ಮನೆಯಲ್ಲೇ ಕತ್ತರಿಸಬಹುದಾ? (ಶಿರಸಿ)

ಉತ್ತರ: ಬೇಡ ಪುಟ್ಟಾ. ಕೇಳಿದ್ದು ಒಳ್ಳೆಯದಾಯಿತು, ಕತ್ತರಿಸಿ ಆಮೇಲೆ ಬರೆಯಲಿಲ್ಲವಲ್ಲ. ಹೆದರಿದ ಹಕ್ಕಿಗೆ ಇರುವ ಒಂದೇ ಧೈರ್ಯ ಅಂದರೆ ಹಾರಿ ಹೋಗಬಹುದು ಅನ್ನುವುದು. ಅದನ್ನೇ ಕಿತ್ತುಕೊಂಡರೆ ಅದು ನಿನ್ನ ಹತ್ತಿರ ಕೂತಿರುವುದು ಇಷ್ಟವಿದ್ದು ಕೂತಿದೆಯೋ ಬೇರೆ ಗತಿ ಇಲ್ಲದೆ ಕೂತಿದೆಯೋ ನಿನಗೆ ಯಾವತ್ತೂ ಗೊತ್ತಾಗುವುದಿಲ್ಲ. ಹೊಸದಾಗಿ ಬೆಳೆಯುತ್ತಿರುವ ಗರಿಯೊಳಗೆ ರಕ್ತ ಇರುತ್ತದೆ, ತಪ್ಪಿ ಅದನ್ನು ಕತ್ತರಿಸಿದರೆ ರಕ್ತ ಸುರಿಯುತ್ತದೆ. ಹೊರಗೆ ಬಿಡುವಾಗ ಫ್ಯಾನ್ ಆಫ್ ಮಾಡು, ಕಿಟಕಿ ಬಾಗಿಲು ಹಾಕು, ಕನ್ನಡಿಗೆ ಬಟ್ಟೆ ಮುಚ್ಚು, ಬಕೆಟ್ಟಿನಲ್ಲಿ ನೀರು ತುಂಬಿಟ್ಟಿದ್ದರೆ ಮುಚ್ಚಳ ಹಾಕು. ಪಂಜರಕ್ಕೆ ವಾಪಸ್ ಹೋಗಲು ಅಟ್ಟಿಸಿಕೊಂಡು ಹೋಗಬೇಡ. ಊಟದ ಹೊತ್ತಿಗೆ ಮುಂಚೆ ಬಿಟ್ಟರೆ ಹಸಿವಾದಾಗ ತಾನೇ ಒಳಗೆ ಹೋಗುತ್ತದೆ.

ಪ್ರಶ್ನೆ: ನಮ್ಮ ಜುಟ್ಟಿನ ಕಾಕಟೀಲ್ ಹಕ್ಕಿ ಹಗಲು ಚೆನ್ನಾಗಿರುತ್ತದೆ, ಭುಜದ ಮೇಲೆ ಕೂರುತ್ತದೆ. ರಾತ್ರಿ ಎರಡು ಗಂಟೆಗೆ ಇದ್ದಕ್ಕಿದ್ದ ಹಾಗೆ ಪಂಜರಕ್ಕೆ ಬಡಿದುಕೊಂಡು ರೆಕ್ಕೆ ಗಾಯ ಮಾಡಿಕೊಂಡಿದೆ. ನಾವು ಓಡಿಹೋಗಿ ಲೈಟ್ ಹಾಕಿದರೆ ಇನ್ನೂ ಜಾಸ್ತಿ. ನಮ್ಮ ಮೇಲಿನ ನಂಬಿಕೆ ಹೋಯಿತಾ? (ಬೆಂಗಳೂರು)

ಉತ್ತರ: ನಂಬಿಕೆ ಎಲ್ಲೂ ಹೋಗಿಲ್ಲ. ಕಾಕಟೀಲ್‌ಗಳಲ್ಲಿ ಇದು ತುಂಬಾ ಮಾಮೂಲು. ಪೂರ್ತಿ ಕತ್ತಲಲ್ಲಿ ಒಂದು ಸದ್ದು ಆಗುತ್ತದೆ, ಇಲ್ಲವೇ ರಸ್ತೆಯ ಗಾಡಿಯ ಬೆಳಕು ಗೋಡೆಯ ಮೇಲೆ ಹರಿದು ಹೋಗುತ್ತದೆ, ಹಲ್ಲಿ ಓಡುತ್ತದೆ. ಹಕ್ಕಿಗೆ ಏನೂ ಕಾಣುವುದಿಲ್ಲ, ಎದ್ದು ಹಾರುತ್ತದೆ, ಸರಳಿಗೆ ಹೊಡೆದುಕೊಳ್ಳುತ್ತದೆ, ಆ ಹೊಡೆತಕ್ಕೆ ಇನ್ನೂ ಹೆದರುತ್ತದೆ. ಕೋಣೆಯಲ್ಲಿ ಒಂದು ಮಂದ ದೀಪ ಇಡಿ. ಪಂಜರವನ್ನು ನಾಲ್ಕೂ ಕಡೆ ಮುಚ್ಚಿಬಿಡಬೇಡಿ, ಮುಂದಿನ ಭಾಗ ತೆರೆದಿರಲಿ. ಸದ್ದಾದಾಗ ಓಡಬೇಡಿ. ಮೊದಲು ನಿಮ್ಮ ದನಿ ಹೋಗಲಿ, ಹಗಲು ಹೇಗೆ ಕರೆಯುತ್ತೀರೋ ಹಾಗೇ ಕರೆಯಿರಿ, ಆಮೇಲೆ ಸಣ್ಣ ಬೆಳಕು, ಆಮೇಲೆ ನೀವು. ತಲೆಯ ಜುಟ್ಟು ನೋಡಿ: ನೆಟ್ಟಗೆ ನಿಂತಿದ್ದರೆ ಇನ್ನೂ ಗಾಬರಿ, ಅರ್ಧಕ್ಕೆ ಇಳಿದಿದ್ದರೆ ಸಮಾಧಾನಕ್ಕೆ ಬರುತ್ತಿದೆ. ತಲೆಗೆ ಅಂಟಿಸಿಕೊಂಡು ಬುಸುಗುಟ್ಟಿದರೆ ಹತ್ತಿರ ಹೋಗಬೇಡಿ. ಗರಿಯಿಂದ ರಕ್ತ ಬರುತ್ತಿದ್ದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ಬೆಳಗಾಗುವ ತನಕ ಕಾಯದೆ ಡಾಕ್ಟರ ಹತ್ತಿರ ಹೋಗಿ. ದೀಪಾವಳಿ ಮೂರು ದಿನ ಒಳಗಿನ ಕೋಣೆಗೆ ಸಾಗಿಸಿ, ಕಿಟಕಿ ಮುಚ್ಚಿ, ರೇಡಿಯೋ ಸಣ್ಣಗೆ ಹಾಕಿಟ್ಟು ಯಾರಾದರೂ ಜೊತೆಗಿರಿ.

ಪ್ರಶ್ನೆ: ಅಮ್ಮಾ, ನನಗೆ 71 ವರ್ಷ. ಪಕ್ಕದ ಮನೆಯವರು ಊರು ಬಿಡುವಾಗ ತಮ್ಮ ಗಿಳಿಯನ್ನು ನನಗೆ ಕೊಟ್ಟು ಹೋದರು. ಹಸಿರು ಗಿಳಿ, ಕೊರಳಲ್ಲಿ ಗುಲಾಬಿ ಪಟ್ಟಿ. ಹತ್ತಿರ ಹೋದರೆ ಕಿರುಚುತ್ತದೆ. ಹೇಗೆ ಪಳಗಿಸಲಿ? (ಧಾರವಾಡ)

ಉತ್ತರ: ಹಿರಿಯರೇ, ನಿಮಗೆ ಬೇಸರ ಆಗುವ ಉತ್ತರ ಕೊಡಬೇಕಾಗಿದೆ. ಇದು ನಮ್ಮ ಕಾಡಿನ, ನಮ್ಮ ಹೊಲದ ಗಿಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ತಪ್ಪು. ಬಡ್ಜಿ, ಕಾಕಟೀಲ್ ಹೊರದೇಶದ ಹಕ್ಕಿಗಳು, ಪಂಜರದಲ್ಲೇ ತಲೆತಲಾಂತರ ಹುಟ್ಟಿ ಬೆಳೆದವು. ಗಿಳಿಯ ಮಾತು ಬೇರೆ. ನಮ್ಮಲ್ಲಿ ಸಿಗುವ ಗಿಳಿಗಳು ಹೆಚ್ಚಾಗಿ ಮರದ ಪೊಟರೆಯಿಂದ ಮರಿಯಾಗಿದ್ದಾಗಲೇ ಕಿತ್ತು ತಂದವು. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ಹೋಗಿ, ಹೀಗೆ ನನ್ನ ಕೈಗೆ ಬಂತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ ಒಪ್ಪಿಸಿ. ನೀವೇ ಪಂಜರ ತೆರೆದು ಬಿಟ್ಟುಬಿಡಬೇಡಿ, ವರ್ಷಗಟ್ಟಲೆ ಹಾರದ ಗಿಳಿ ನಾಯಿ, ಕಾಗೆಗಳ ಬಾಯಿಗೆ ಬೀಳುತ್ತದೆ. ಒಪ್ಪಿಸುವ ತನಕ ಪೇರಲೆ ಹಣ್ಣು, ಹಸಿಮೆಣಸಿನಕಾಯಿ, ನೀರು ಇಟ್ಟು ದೂರವೇ ಇರಿ. ಅದನ್ನು ಪಳಗಿಸಬೇಡಿ. ನಾಳೆ ಅದು ಹೊರಗೆ ಬದುಕಬೇಕಾದರೆ ಮನುಷ್ಯರನ್ನು ಕಂಡು ಹೆದರುವುದೇ ಅದಕ್ಕೆ ಬೇಕು. ಅಂಗಳದಲ್ಲಿ ಒಂದು ಪೇರಲೆ ಗಿಡ ಇದ್ದರೆ ಗಿಳಿಗಳು ತಾವಾಗಿಯೇ ಬರುತ್ತವೆ, ನಿಮ್ಮ ಕುರ್ಚಿ ಅದರ ಹತ್ತಿರ ಹಾಕಿಸಿಕೊಳ್ಳಿ.

ಪ್ರಶ್ನೆ: ನಮ್ಮ ಬಡ್ಜಿಗೆ ಕನ್ನಡ ಕಲಿಸಬೇಕು ಅಂತ ಆಸೆ. ಆದರೆ ನಾವು ಹತ್ತಿರ ಹೋದರೆ ಸದ್ದೇ ಮಾಡುವುದಿಲ್ಲ. (ಪುಣೆ)

ಉತ್ತರ: ಹೆದರಿದ ಹಕ್ಕಿ ಬಾಯಿ ಮುಚ್ಚಿಕೊಂಡಿರುತ್ತದೆ. ಮೊದಲು ನೀವು ಬಂದಾಗಲೂ ತನ್ನ ಚಿಲಿಪಿಲಿ ಮುಂದುವರಿಸುವಂತಾಗಲಿ, ಪಾಠ ಆಮೇಲೆ. ಬಡ್ಜಿಗೆ ಕಲಿಯುವ ಶಕ್ತಿ ಚೆನ್ನಾಗಿಯೇ ಇದೆ. ಅಮೆರಿಕದ ಪಕ್ ಅನ್ನುವ ಬಡ್ಜಿ 1,728 ಪದ ಕಲಿತಿತ್ತು ಅಂತ ಗಿನ್ನೆಸ್ ದಾಖಲೆ ಇದೆ. ಮೂಗಿನ ಮೇಲಿನ ಉಬ್ಬು ನೀಲಿ ಇದ್ದರೆ ಸಾಮಾನ್ಯವಾಗಿ ಗಂಡು, ಮಾತು ಕಲಿಯುವುದು ಹೆಚ್ಚಾಗಿ ಗಂಡೇ. ಮನೆಯಲ್ಲಿ ನೀವು ಕನ್ನಡವೇ ಮಾತಾಡಿ, ಅದು ಕೇಳಿಸಿಕೊಳ್ಳುತ್ತಿರಲಿ.

ಪ್ರಶ್ನೆ: ಎರಡು ವರ್ಷದಿಂದ ಕೈಮೇಲೆ ಆಡುತ್ತಿದ್ದ ಹಕ್ಕಿಗೆ ಹತ್ತು ದಿನ ಹಿಡಿದು ಔಷಧಿ ಹಾಕಬೇಕಾಯಿತು. ಈಗ ನಮ್ಮ ಕೈ ಕಂಡರೆ ಓಡುತ್ತದೆ. (ಮಂಗಳೂರು)

ಉತ್ತರ: ನೀವು ಮಾಡಿದ್ದು ಸರಿ. ಪ್ರಾಣ ದೊಡ್ಡದು. ನವಣೆ ತೆನೆಯಿಂದ ಮತ್ತೆ ಶುರು ಮಾಡಿ, ಎರಡು ವರ್ಷದ ಒಡನಾಟ ಇರುವುದರಿಂದ ಈ ಸಲ ಬೇಗ ಬರುತ್ತದೆ. ಮುಂದೆ ಹಿಡಿಯಲೇಬೇಕಾಗಿ ಬಂದರೆ ಬರಿಗೈ ಬೇಡ, ಮೆತ್ತನೆಯ ಟವೆಲ್ಲಿನಲ್ಲಿ ಎದೆ ಒತ್ತದ ಹಾಗೆ ಹಿಡಿಯಿರಿ. ಹಕ್ಕಿ ಆಡುವ ಜಾಗದಲ್ಲಿ ಹಿಡಿಯಬೇಡಿ, ಬೇರೆ ಕೋಣೆಗೆ ಒಯ್ಯಿರಿ. ಟವೆಲ್ಲಿನ ಮೇಲೆ ಸಿಟ್ಟಿದ್ದರೆ ಇರಲಿ, ಕೈ ಮೇಲೆ ಬೇಡ.

ಇದರ ಜೊತೆಗೇ ಎಲ್ಲರಿಗೂ ಒಂದು ಮಾತು. ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಪುಕ್ಕ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕೂತಿದ್ದರೆ, ಉಸಿರಿನ ಜೊತೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ತಿನ್ನುವುದು ಬಿಟ್ಟಿದ್ದರೆ ಅದು ಹೆದರಿಕೆಯಲ್ಲ, ಕಾಯಿಲೆ. ಹೆದರುತ್ತಿದ್ದ ಹಕ್ಕಿ ಇದ್ದಕ್ಕಿದ್ದಂತೆ ಕೈಗೆ ಸಿಕ್ಕಿತು ಅಂತ ಖುಷಿಪಡಬೇಡಿ, ಅದಕ್ಕೆ ಓಡಲು ಶಕ್ತಿ ಇಲ್ಲದಿರಬಹುದು. ಹಕ್ಕಿ ನೋಡುವ ಡಾಕ್ಟರು ಎಲ್ಲ ಊರಿನಲ್ಲಿ ಸಿಗುವುದಿಲ್ಲ, ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಬಹುದು. ಯಾರ ಹತ್ತಿರ ಹೋಗಬೇಕು ಅಂತ ಹಕ್ಕಿ ಆರೋಗ್ಯವಾಗಿರುವಾಗಲೇ ತಿಳಿದಿಟ್ಟುಕೊಳ್ಳಿ.

ಪ್ರಶ್ನೆ: ಹಕ್ಕಿ ತಂದವಳು ನಾನು, ಕಾಳು ಹಾಕುವವಳು ನಾನು, ದಿನಾ ಬೆರಳು ಚಾಚಿ ಕರೆಯುವವಳೂ ನಾನು. ಅದು ಮಾತ್ರ ನಮ್ಮ ಅತ್ತೆಯ ಹೆಗಲ ಮೇಲೆ ಹೋಗಿ ಕೂರುತ್ತದೆ. ಅವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನನ್ನಿಂದ ಏನು ತಪ್ಪಾಗಿದೆ? (ಮೈಸೂರು)

ಉತ್ತರ: ತಪ್ಪು ಅಂತ ಏನೂ ಇಲ್ಲಮ್ಮ. ಕಣ್ಣೆತ್ತಿ ನೋಡುವುದಿಲ್ಲ ಅಂತ ನೀವೇ ಬರೆದಿದ್ದೀರಲ್ಲ, ಹಕ್ಕಿಗೆ ಹಿಡಿಸಿರುವುದು ಅದೇ. ಅತ್ತೆ ಬೆಳಗ್ಗೆ ಪಂಜರದ ಹತ್ತಿರ ಕೂತು ಏನು ಮಾಡುತ್ತಾರೆ ಅಂತ ನೀವು ಬರೆದಿಲ್ಲ, ಆದರೆ ಸೊಪ್ಪು ಬಿಡಿಸುವುದೋ ಪೇಪರ್ ಓದುವುದೋ ಏನೋ ಒಂದು ಇರಬೇಕು. ಅವರು ಅದರಿಂದ ಏನನ್ನೂ ಕೇಳುವುದಿಲ್ಲ. ನೀವು ದಿನಾ ಬೆರಳು ಚಾಚುತ್ತೀರಿ, ಅದು ಸರಿದು ಹೋಗುತ್ತದೆ, ನೀವು ಮತ್ತೆ ಚಾಚುತ್ತೀರಿ. ಹದಿನೈದು ದಿನ ಬೆರಳು ಚಾಚುವುದನ್ನು ಬಿಟ್ಟುಬಿಡಿ. ನಾಳೆ ಬೆಳಗ್ಗೆ ಅತ್ತೆಯ ಪಕ್ಕದಲ್ಲಿ ನೀವೂ ಒಂದು ಚಾಪೆ ಹಾಕಿಕೊಂಡು ಕೂತುಕೊಳ್ಳಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಚೆನ್ನಾಗಿ ತೊಳೆದು ಮಡಿಲಲ್ಲಿ ಇಟ್ಟುಕೊಂಡು ನಿಧಾನವಾಗಿ ಬಿಡಿಸುತ್ತಾ ಇರಿ. ಹಕ್ಕಿ ಕಡೆ ನೋಡಬೇಡಿ, ಅತ್ತೆ ಜೊತೆ ಮಾತಾಡಿ. ಅದು ಅವರ ಹೆಗಲಿನಿಂದ ಇಳಿದು ನಿಮ್ಮ ಮಡಿಲಿನ ಸೊಪ್ಪಿಗೆ ಬಾಯಿ ಹಾಕಿದರೂ ಮಾತು ನಿಲ್ಲಿಸಬೇಡಿ, ಕೈ ಎತ್ತಬೇಡಿ. ತಿಂದು ಹೋಗಲಿ. ಆಮೇಲೆ ಏನಾಯಿತು ಅಂತ ನನಗೆ ಬರೆಯಿರಿ.